ಸೋಮವಾರದ ಹದ

ಆಳಂದದಲ್ಲಿ ನಾನು ಬಾಡಿಗೆಗಿರುವ ಮನೆಯ ತಲೆಬಾಗಿಲಿಗೂ ಬೇಸಿಗೆಯ ಗಾಳಿಗೂ ಬಗೆಹರಿಯದ ವ್ಯಾಜ್ಯವೊಂದಿದೆ. ಮಧ್ಯಾಹ್ನವಾಯಿತೆಂದರೆ ಗಾಳಿ ಬಾಗಿಲನ್ನು ಗೋಡೆಗೆ ಅಪ್ಪಳಿಸುತ್ತದೆ, ಗಾರೆ ಉದುರುತ್ತದೆ, ಮನೆಯ ಮಾಲೀಕರು ಉದುರಿದ ಗಾರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾರೆ. ಈ ವ್ಯಾಜ್ಯಕ್ಕೆ ತಡೆಯಾಜ್ಞೆಯೆಂಬಂತೆ ಬಾಗಿಲಿನ ಬುಡಕ್ಕೆ ಒಂದು ಕಬ್ಬಿಣದ ಪಟ್ಟಿಯನ್ನು ಇಟ್ಟಿದ್ದೇನೆ. ತೋಳಿನುದ್ದದ್ದು, ತುಸು ಬಾಗಿದ್ದು, ಒಂದು ಅಂಚು ಸವೆದು ರೊಟ್ಟಿಯಷ್ಟು ತೆಳ್ಳಗಾಗಿರುವಂಥದು. ಬಂದವರೆಲ್ಲ ಅದನ್ನು ಎಡವುತ್ತಾರೆ. ಎಡವಿದವರೆಲ್ಲ ಅದೇನೆಂದು ಕೇಳುತ್ತಾರೆ. ಸಿಲಿಂಡರ್ ತರುವಾತನಂತೂ ಅದನ್ನು ಕೈಯಲ್ಲಿ ತೂಗಿ ನೋಡಿ, "ರಜಾಕಾರರ ಕಾಲದ ತಲವಾರ ಏನ್ರಿ ಸರ?" ಎಂದು ಗೌರವದಿಂದ ವಿಚಾರಿಸಿದ. ನನ್ನ ಹೆಂಡತಿಗೆ ಅದರ ಮೇಲೆ ಇಷ್ಟು ಗೌರವವಿಲ್ಲ. ಗುಜರಿಯವನು ಓಣಿಗೆ ಬಂದಾಗಲೆಲ್ಲ ಅವಳು ಮೊದಲು ಅದರ ಕಡೆಗೇ ನೋಡುತ್ತಾಳೆ.

ಅದು ಕುಂಟೆಯ ಕುಡ. ಓದುಗರಲ್ಲಿ ಕುಂಟೆಯನ್ನು ಕಾಣದವರೂ ಇದ್ದಾರು, ಅವರಿಗಾಗಿ ಹೇಳುತ್ತೇನೆ. ಒಂದು ಜಾಲಿಮರದ ದಿಂಡು, ಅದರ ಕೆಳಗೆ ಎರಡು ಕಾಲು, ಆ ಕಾಲುಗಳ ನಡುವೆ ಅಡ್ಡಲಾಗಿ ಈ ಕಬ್ಬಿಣದ ಅಲಗು. ಎತ್ತುಗಳು ಎಳೆದಂತೆ ಅಲಗು ನೆಲದ ಮೇಲ್ಪದರವನ್ನು ನಾಲ್ಕು ಬೆರಳಿನಷ್ಟು ಕೆರೆದು ಅಲ್ಲಿಯೇ ಬಿಡುತ್ತದೆ. ನೇಗಿಲಿಗೆ ನಮ್ಮ ಜನ ಕೊಟ್ಟ ಕೀರ್ತಿಯನ್ನು ಕುಂಟೆಗೆ ಯಾರೂ ಕೊಡಲಿಲ್ಲ. ನೇಗಿಲು ಧ್ವಜಗಳ ಮೇಲೇರಿತು, ಭಾಷಣಗಳೊಳಗೆ ಹೊಕ್ಕಿತು. ಕುಂಟೆ ಬೇಲಿಯ ಮಗ್ಗುಲಲ್ಲಿ ಒರಗಿಯೇ ಉಳಿಯಿತು. ಆದರೆ ನಮ್ಮ ಎರೆಭೂಮಿಯ ಹಿಂಗಾರಿ ಬೆಳೆ ಬದುಕಿದ್ದು ಕುಂಟೆಯ ಋಣದಲ್ಲಿ. ಇಲ್ಲಿ ಗೋಧಿ ಬಿತ್ತುವ ಹೊತ್ತಿಗೆ ಮಳೆ ಮುಗಿದಿರುತ್ತದೆ. ಬಿತ್ತಿದ ಮೇಲೆ ಆಕಾಶದಿಂದ ಬರುವುದು ಇಬ್ಬನಿ ಮಾತ್ರ. ಮಳೆಗಾಲದಲ್ಲಿ ನೆಲ ಕುಡಿದಿಟ್ಟುಕೊಂಡ ಹಸಿಯ ಮೇಲೆಯೇ ಪೈರು ಮೊಳೆಯಬೇಕು, ತೆನೆ ಹಿರಿಯಬೇಕು, ಕಾಳು ಕಟ್ಟಬೇಕು. ಎರೆಮಣ್ಣಾದರೋ ಒಣಗಿತೆಂದರೆ ಬಾಯ್ಬಿಡುತ್ತದೆ. ಆ ಬಿರುಕುಗಳ ಹಾದಿಯಲ್ಲಿ ಒಳಗಿನ ಹಸಿಯೆಲ್ಲ ಆವಿಯಾಗಿ ಹೋಗುತ್ತದೆ. ಅದಕ್ಕಾಗಿ ಪ್ರತಿ ಮಳೆಯ ಬೆನ್ನಿಗೆ, ನೆಲ ಹದಕ್ಕೆ ಬಂದೊಡನೆ, ಕುಂಟೆ ಹೊಡೆದು ಬಿರುಕುಗಳ ಬಾಯಿ ಮುಚ್ಚಬೇಕು. ಮೇಲೆ ಪುಡಿಮಣ್ಣಿನ ತೆಳು ಹೊದಿಕೆ ಉಳಿದರೆ ಅದರಡಿಯಲ್ಲಿ ಹಸಿ ಮಲಗಿರುತ್ತದೆ. ಹರಗುವುದೆಂದರೆ ಇದು. ನಮ್ಮ ಅತ್ತಿ ಅದನ್ನು "ಭೂಮಿಗಿ ಕೌದಿ ಹೊಚ್ಚೂದು" ಎನ್ನುತ್ತಿದ್ದಳು.

ಅತ್ತಿ ಎಂದರೆ ನನ್ನ ತಂದೆಯ ಅಕ್ಕ ಶರಣಮ್ಮ. ನಮ್ಮ ಊರು ಜೇವರ್ಗಿ ತಾಲ್ಲೂಕಿನ ಅಂದೋಲಾ. ಅವಳನ್ನು ಕೊಟ್ಟದ್ದು ಅಫಜಲಪುರದ ಕಡೆಯ ಅತನೂರಿಗೆ. ಮದುವೆಯಲ್ಲಿ ನನ್ನ ಅಜ್ಜಿ ಅವಳ ಉಡಿಯಲ್ಲಿ ಮನೆಯ ಜವೆಗೋಧಿಯನ್ನು ತುಂಬಿ ಕಳಿಸಿದ್ದಳು. ಉಡಿಯ ಗೋಧಿಯನ್ನು ಹೊಸ ಸೊಸೆ ಹುಗ್ಗಿ ಮಾಡಿ ಗಂಡನ ಮನೆಯವರಿಗೆ ಉಣಬಡಿಸುವುದು ವಾಡಿಕೆ. ಅತ್ತಿ ಅರ್ಧವನ್ನಷ್ಟೇ ಬೇಯಿಸಿ, ಉಳಿದರ್ಧವನ್ನು ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು, ಹಿಂಗಾರಿಯಲ್ಲಿ ಹೊಲದ ಒಂದು ತುಂಡಿಗೆ ಬಿತ್ತಿಸಿದಳು. ಅಂದಿನಿಂದ ಆ ತುಂಡು ಜವೆಗೋಧಿಯದೇ ಆಯಿತು. ಉದ್ದ ಕಾಳಿನ, ಕೆಂಪು ಛಾಯೆಯ ಗೋಧಿ ಅದು. ಓಣಿಯಲ್ಲಿ ಯಾವ ಹೆಣ್ಣುಮಗಳ ಉಡಿ ತುಂಬುವುದಿದ್ದರೂ ಅತ್ತಿಯ ಮನೆಯಿಂದ ಮೊರದಲ್ಲಿ ಗೋಧಿ ಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳ ಉಡಿ ತುಂಬುವುದನ್ನು ಊರು ನಿಲ್ಲಿಸಿತು. ಊರಿನ ಉಡಿ ತುಂಬುವುದನ್ನು ಅವಳು ನಿಲ್ಲಿಸಲಿಲ್ಲ. ಈ ಅನ್ಯಾಯದ ಕುರಿತು ನಾನು ಬೇರೆಡೆ ಸಾಕಷ್ಟು ಭಾಷಣ ಮಾಡಿರುವುದರಿಂದ ಇಲ್ಲಿ ಬಿಡುತ್ತೇನೆ.

ಶಾಲೆಯ ಸೂಟಿಗಳೆಲ್ಲ ನನಗೆ ಅತನೂರಿನಲ್ಲಿಯೇ ಕಳೆದವು. ಕುಂಟೆ ಹಗುರಾದರೆ ಅಲಗು ನೆಲ ಕಚ್ಚುವುದಿಲ್ಲ. ಆದ್ದರಿಂದ ದಿಂಡಿನ ಮೇಲೆ ಕಲ್ಲು ಹೇರುತ್ತಾರೆ. ಕಲ್ಲು ಸಿಗದ ದಿನ ನನ್ನನ್ನು ಕೂಡಿಸುತ್ತಿದ್ದರು. ಎತ್ತಿನ ಬಾಲ ಮುಖಕ್ಕೆ ಬಡಿಯುತ್ತಿತ್ತು. ಕೆಳಗೆ ಮಣ್ಣು ಬೆಣ್ಣೆಯಂತೆ ಜಾರುತ್ತಿತ್ತು. ಹಸಿಮಣ್ಣಿನ ವಾಸನೆ ಚಡ್ಡಿಗೆ ಅಂಟಿ ಮರುದಿನದವರೆಗೂ ಉಳಿಯುತ್ತಿತ್ತು. ಮುಂದೆ ಮಣ್ಣಿನ ತೇವಾಂಶ ಸಂರಕ್ಷಣೆಯ ಬಗ್ಗೆ ನಾನು ಎಷ್ಟು ವೇದಿಕೆಗಳಲ್ಲಿ ಮಾತನಾಡಿದ್ದರೂ ಆ ಕಾರ್ಯಕ್ಕೆ ನನ್ನ ನೇರವಾದ ಕೊಡುಗೆ ಇಷ್ಟೇ: ಕಲ್ಲಿನ ಬದಲು ಕುಳಿತದ್ದು.

ಅತ್ತಿಯ ಮನೆಯಲ್ಲಿ ಮೊದಲು ಎರಡು ಎತ್ತುಗಳಿದ್ದವು. ಆಮೇಲೆ ಬಿಳಿಯದೊಂದೇ ಉಳಿಯಿತು. ಬದುವಿನಾಚೆಯ ಹೊಲದ ಭೀಮಶಾ ಮಾಮಾನಲ್ಲಿಯೂ ಒಂದೇ, ಕಂದು ಬಣ್ಣದ್ದು. ಅವನದು ವಿಹಾರದ ಹಿಂದಿನ ಓಣಿಯ ಬೌದ್ಧ ಮನೆತನ. ಇಬ್ಬರೂ ತಮ್ಮ ಎತ್ತುಗಳನ್ನು ಜೋಡಿ ಕೂಡಿಸಿ ಎರಡೂ ಹೊಲ ಹರಗುತ್ತಿದ್ದರು. ಕುಂಟೆ ಅವನದು, ನೊಗ ಇವಳದು. ಬಹಳ ವರ್ಷ ನಡೆದ ಈ ಪಾಲುದಾರಿಕೆಯಲ್ಲಿ ಜಗಳವಾಗುತ್ತಿದ್ದದ್ದು ಒಂದೇ ವಿಷಯಕ್ಕೆ. ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ, ಅಂದು ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಸುಮ್ಮನೆ ಮೇಯಲು ಬಿಡಬೇಕು.

"ಯಕ್ಕಾ, ನಿನ್ನ ಎತ್ತು ಸೋಮಾರ ಹಿಡೀತದ, ಖರೆ. ನನ್ನ ಎತ್ತಿಗಿ ಯಾಕ ಹಿಡಸ್ತಿ? ಅದು ನಮ್ಮ ಓಣಿದು," ಎನ್ನುತ್ತಿದ್ದ ಭೀಮಶಾ ಮಾಮಾ.

"ನೊಗ ಒಂದೇ ಅದ ಇಲ್ಲೋ? ವಾರನೂ ಒಂದೇ."

"ಹಂಗಾರ ಪೌರ್ಣಿಮಿಗಿ ನಿನ್ನ ಎತ್ತು ನಮ್ಮ ವಿಹಾರಕ್ಕ ಕಳಸು."

"ಕಳಸ್ತೇನಿ. ಮೇವು ಹಾಕಿ ಕಳಸ್ರಿ ಮತ್ತ, ಬರೇ ಮಂತ್ರ ಕೇಳಿಸಿ ಕಳಸಬ್ಯಾಡ್ರಿ."

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪಾರಿತೋಷಕ ಗೆದ್ದ ವರ್ಷ ನಾನೂ ಈ ವಿವಾದದೊಳಗೆ ಧುಮುಕಿದ್ದೆ. ಮಣ್ಣಿನ ಹದ ಪಂಚಾಂಗ ನೋಡಿ ಬರುವುದಿಲ್ಲ, ಸೋಮವಾರ ತಪ್ಪಿದ ಹದ ಮಂಗಳವಾರಕ್ಕೆ ಕಾಯುವುದಿಲ್ಲ ಎಂದು ವಿಷಯ ಮಂಡಿಸಿದೆ. ಅತ್ತಿ ರೊಟ್ಟಿ ಬಡಿಯುತ್ತ ಪೂರ್ತಿ ಕೇಳಿ, "ನಿಮ್ಮ ಕಾಲೇಜಿಗಿ ಐತವಾರ ಸೂಟಿ ಯಾಕ ಕೊಡ್ತಾರಲೇ ಅಳಿಯಾ? ವಿದ್ಯಾ ಐತವಾರ ತಲ್ಯಾಗ ಹೋಗೂದಿಲ್ಲೇನು?" ಎಂದಳು. ತೀರ್ಪುಗಾರರಿಲ್ಲದ ಸಭೆ, ಬಿಸಿ ರೊಟ್ಟಿ ಉಂಡು ಎದ್ದೆ. ಜೋಡಿ ಎತ್ತು ಕೈಯಳತೆಯಲ್ಲಿರುವಾಗ ಒಂದು ದಿನ ಬಿಟ್ಟರೂ ಮಂಗಳವಾರ ನಸುಕಿನಲ್ಲಿಯೇ ಹೂಡಿ ಹದ ಹಿಡಿಯಬಹುದಿತ್ತು ಎಂಬುದೂ ನಿಜವೇ.

ಹೋದ ಮಳೆಗಾಲದಲ್ಲಿ ಗಂಟುರೋಗ ಬಂದು ಕಂದು ಎತ್ತು ಸತ್ತಿತು. ಬಿಳಿಯದು ದನ ಕಟ್ಟುವ ಹಕ್ಕೆಯಲ್ಲಿ ಒಂಟಿಯಾಗಿ ನಿಂತಿತು. ಒಂದು ಎತ್ತಿಗೆ ಕುಂಟೆ ಹೂಡಲು ಬರುವುದಿಲ್ಲ. ಅತನೂರಿನಲ್ಲಿ ಅದನ್ನು ಜೋಡಿ ಮಾಡುವಂಥ ಇನ್ನೊಂದು ಎತ್ತು ಹುಡುಕಿದರೂ ಸಿಗಲಿಲ್ಲ. ಅಷ್ಟು ಹೊತ್ತಿಗೆ ಊರೆಲ್ಲ ಟ್ರ್ಯಾಕ್ಟರಿನ ಪಾಲಾಗಿತ್ತು. ಆ ಶ್ರಾವಣ ಭಾದ್ರಪದಗಳಲ್ಲಿ ಗೋಧಿಯ ತುಂಡಿಗೆ ಯಾರೂ ಕೌದಿ ಹೊಚ್ಚಲಿಲ್ಲ. ಮಳೆ ಬಂತು, ಬಿಸಿಲು ಬಂತು, ನೆಲ ಬಿರಿಯಿತು, ಕಸ ಬೆಳೆಯಿತು. ಅತ್ತಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಗಡಿಗ್ಯಾಗ ಬೀಜ ಹ್ವಾದ ವರ್ಷದ್ದಽ ಅದ. ಈ ವರ್ಷ ಬಿತ್ತಲಿಲ್ಲಂದ್ರ ಹುಳ ಹಿಡದು ಹೋಗತದ. ಎಲ್ಲಾ ಬಿತ್ತತೇನಿ."

"ಎಲ್ಲಾ" ಎಂಬ ಮಾತು ನನ್ನ ನಿದ್ದೆ ಕೆಡಿಸಿತು. ಸುತ್ತಲಿನ ಊರುಗಳಲ್ಲಿ ಆ ಬೀಜ ಇನ್ನೆಲ್ಲಿಯೂ ಉಳಿದದ್ದು ನಾನು ಕಾಣೆ. ಅಂದೋಲಾದ ನಮ್ಮ ಮನೆಯಲ್ಲಿಯೇ ಅದನ್ನು ಬಿಟ್ಟು ಹತ್ತಿ ಹಿಡಿದು ಎಷ್ಟೋ ಕಾಲವಾಗಿತ್ತು.

ಸುಧಾರಕನಾದವನು ಸಂಕಟ ಬಂದಾಗ ಏನು ಮಾಡುತ್ತಾನೆ? ಸಭೆ ಕರೆಯುತ್ತಾನೆ. ಹಸ್ತ ಮಳೆ ಬಿದ್ದ ವಾರ, ಒಂದು ಭಾನುವಾರ, ಚೌಡಾಪುರದಲ್ಲಿ ಬಸ್ಸು ಬದಲಿಸಿ, ಕಾದ ಬೇಸರಕ್ಕೆ ಎರಡು ಕಪ್ಪು ಚಹಾ ಕುಡಿದು, ಅತನೂರಿನ ಚಾವಡಿ ಕಟ್ಟೆಗೆ ಬಂದು ನಿಂತೆ. ಎಳೆ ಎಳೆಯಾಗಿ ಬಿಡಿಸಿ ಹೇಳಿದೆ. ರೋಟರ್ ಎಂಬ ಸುತ್ತುವ ಅಲಗುಗಳ ಯಂತ್ರವನ್ನು ತಡವಾಗಿ ಹೊಡೆದರೆ ಮಣ್ಣನ್ನು ಆಳದವರೆಗೆ ತಿರುವಿ ಗಾಳಿಗೆ ಹಿಡಿದಂತಾಗುತ್ತದೆ, ಬೀಜ ಬೀಳುವ ಆಳದ ಹಸಿಯೇ ಹಾರಿಹೋಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಪದೇ ಪದೇ ತೆಳುವಾಗಿ ಹರಗುವುದೇ ಒಣನೆಲದ ಗೋಧಿಗೆ ಆಧಾರ, ಓಣಿಗೊಂದು ಜೊತೆ ಎತ್ತನ್ನಾದರೂ ಕೂಡಿ ಸಾಕೋಣ ಎಂದೆ. ಎದುರುವಾದಕ್ಕೆ ಸಿದ್ಧನಾಗಿ ಹೋಗಿದ್ದೆ. ಒಬ್ಬರೂ ವಿರೋಧಿಸಲಿಲ್ಲ. "ಖರೆ ಅದ್ರಿ ಸರ", "ಬರೋಬ್ಬರಿ ಹೇಳಿದ್ರಿ" ಎಂದು ಕಟ್ಟೆಯುದ್ದಕ್ಕೂ ತಲೆಗಳು ಆಡಿದವು. ಪ್ರತಿವಾದಿಯಿಲ್ಲದ ಸಭೆ ಎಷ್ಟು ಭಯಾನಕವೆಂಬುದನ್ನು ಯಾವ ಚರ್ಚಾಕೂಟವೂ ನನಗೆ ಕಲಿಸಿರಲಿಲ್ಲ.

ಕೊನೆಗೆ ಭೀಮಶಾ ಮಾಮಾ ಎದ್ದ. "ಸರ, ಮಾತು ಛಲೋ ಅದ. ಹೂಡ್ರಿ ಅಂತೀರಿ. ಏನು ಹೂಡಬೇಕು? ಯಕ್ಕನ ಎತ್ತು ಒಂದೇ ಅದ. ಇನ್ನೊಂದು ಕಡಿ ನೀವು ಕೊರಳು ಕೊಡ್ತೀರೇನು?"

"ಬ್ಯಾಡಪ್ಪೋ," ಎಂದ ಹಿಂದಿನಿಂದ ಒಬ್ಬ, "ಸರ ಮಾತಾಡ್ಕೋತ ಎಳೀತಾರ. ಎತ್ತು ಬೆದರತದ."

ಎಲ್ಲರೊಡನೆ ನಾನೂ ನಕ್ಕೆ. ಓಣಿಗೊಂದು ಜೊತೆ ಎತ್ತಿನ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಮಣ್ಣು ಹದಕ್ಕೆ ಬಂತು. ಅತ್ತಿ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ಕೆಳಗೆ ಬಿಟ್ಟಳು. ಉಂಡೆ ಅಂಟದೆ, ಹಿಟ್ಟಾಗದೆ, ಹಗುರಾಗಿ ಒಡೆಯಿತು. ಇಷ್ಟು ಹದವಿದ್ದಾಗ ರೋಟರ್ ಹೊಡೆದರೂ ಅಷ್ಟು ಕೇಡಿಲ್ಲ. ಬೆನ್ನಿಗೇ ಬಿತ್ತಿಬಿಟ್ಟರೆ ಬೀಜ ಹಸಿಯನ್ನು ಮುಟ್ಟುತ್ತದೆ. ಅಷ್ಟರಲ್ಲಿ ಟ್ರ್ಯಾಕ್ಟರಿನ ಸಿದ್ದಪ್ಪ ಬದುವಿನಾಚೆ ಭೀಮಶಾ ಮಾಮಾನ ಹೊಲ ಮುಗಿಸಿ, ಗಾಡಿ ತಿರುಗಿಸಿಕೊಂಡು ಅತ್ತಿಯ ಹೊಲದ ಬಾಯಿಗೆ ಬಂದು ನಿಂತ.

"ಇವತ್ತು ಬ್ಯಾಡ," ಎಂದಳು ಅತ್ತಿ.

"ಯಾಕ್ ಬೇ ಆಯಿ?"

"ಸೋಮಾರ ಇಲ್ಲೇನೋ ಇವತ್ತ."

ಸಿದ್ದಪ್ಪ ಯಂತ್ರ ನಿಲ್ಲಿಸದೆಯೇ ನಕ್ಕ. "ಇದಕ್ಕೇನು ಬಾಲ ಅದ ಏನ್ ಬೇ? ಡೀಸಲ್ ಕುಡೀತದ, ಮೇವು ತಿನ್ನೂದಿಲ್ಲ. ಇದಕ್ಕ ಎಲ್ಲಿ ಸೋಮಾರ?"

"ನನ್ನ ಹೊಲಕ್ಕ ಅದ."

"ನಾಳಿಗಿ ನಾ ಇರಾಂಗಿಲ್ಲ ನೋಡು ಆಯಿ. ಚೌಡಾಪುರದ ಕಡಿ ಹೊಂಟೇನಿ. ಅಲ್ಲಿಂದ ಬರೂದು ಮುಂದಿನ ವಾರ."

"ಮುಂದಿನ ವಾರ ಬಾ."

ಭೀಮಶಾ ಮಾಮಾ ಬದು ದಾಟಿ ಬಂದು, "ಯಕ್ಕಾ, ಹಟ ಮಾಡಬ್ಯಾಡ. ಹದ ಹೋಗತದ," ಎಂದ. ನಾನೂ ನನ್ನಲ್ಲಿದ್ದ ವಾದಗಳನ್ನೆಲ್ಲ ಹೂಡಿದೆ. ವ್ರತವಿರುವುದು ಪ್ರಾಣಿಯ ದಣಿವಿಗಾಗಿ, ದಣಿಯದ ಯಂತ್ರಕ್ಕೆ ಅದು ಅನ್ವಯಿಸುವುದಿಲ್ಲ ಎಂದೆ. ಅದಕ್ಕಿಂತ ಗಟ್ಟಿಯಾದ ವಾದವನ್ನು ಇಂದಿಗೂ ಕಟ್ಟಲಾರೆ. ಅತ್ತಿ ಹಕ್ಕೆಗೆ ನಡೆದಳು. ಬಿಳಿ ಎತ್ತಿನ ಮೈಮೇಲೆ ನೀರು ಸುರಿದು, ತೆಂಗಿನ ನಾರಿನಿಂದ ಬೆನ್ನು ತಿಕ್ಕಿದಳು. ನೊಗದ ಗುರುತು ಕೂದಲಿನಲ್ಲಿ ಮುಚ್ಚಿಹೋಗುತ್ತಿದ್ದ ಅದರ ಹೆಗಲನ್ನು ಸವರುತ್ತ, ನನ್ನ ಕಡೆ ನೋಡದೆಯೇ ಹೇಳಿದಳು:

"ದುಡಿಯೂ ದಿನ ಅಂತೂ ಇದರ ಕಡಿಂದ ಕಸಗೊಂಡ್ರಿ. ಸೂಟಿ ದಿನಾನೂ ಕಸಗೋಬೇಕೇನೋ ತಮ್ಮಾ? ಅದರ ಎದುರಿಗೇ ಅದರ ಹೊಲದಾಗ ಸೋಮಾರ ದಿನ ಆ ಟ್ರ್ಯಾಕ್ಟರ್ ಹೊಡಸಲಾ?"

ಟ್ರ್ಯಾಕ್ಟರಿನ ಸದ್ದು ಚೌಡಾಪುರದ ದಾರಿಯಲ್ಲಿ ಬಹಳ ದೂರದವರೆಗೆ ಕೇಳುತ್ತಿತ್ತು.

ಆ ವಾರವಿಡೀ ಬಿಸಿಲು ಕಾಯಿತು. ಸಿದ್ದಪ್ಪ ತಿರುಗಿ ಬಂದಾಗ ಬಿರುಕಿನೊಳಗೆ ಅತ್ತಿಯ ಕೈ ಮೊಣಕೈವರೆಗೆ ಇಳಿಯುತ್ತಿತ್ತಂತೆ. ರೋಟರ್ ಹೊಡೆದರೆ ಧೂಳು, ಹೆಂಟೆ, ಹೆಂಟೆ, ಧೂಳು. ಅದರ ಮೇಲೆಯೇ ಗಡಿಗೆಯ ಬೀಜವೆಲ್ಲ ಬಿತ್ತನೆಯಾಯಿತು. ಮುಂದೊಮ್ಮೆ ನಾನು ಹೋದಾಗ ಭೀಮಶಾ ಮಾಮಾ ಸಾಲಿನಲ್ಲಿ ಕುಳಿತು ಕೋಲಿನಿಂದ ಕೆದಕಿ ತೋರಿಸಿದ. ಮೊಳೆಯದ ಕಾಳು ಧೂಳಿನಲ್ಲಿ ಬಿದ್ದಿತ್ತು. ಕಪ್ಪು ಹಸಿ ಅದರಿಂದ ಗೇಣು ಕೆಳಗಿತ್ತು.

"ಹುಡುಗಿ ಮ್ಯಾಗ, ವರ ಕೆಳಗ," ಎಂದ. "ಹೆಂಗ ಲಗ್ನ ಆಗಬೇಕು?"

ಸೋಮವಾರ ಹರಗಿದ ಅವನ ಕಡಲೆ ಬದುವಿನಾಚೆ ಮೊಣಕಾಲೆತ್ತರ ನಿಂತಿತ್ತು. ಅವನು ಅದಕ್ಕೆ ಬೆನ್ನು ಮಾಡಿ ಕುಳಿತಿದ್ದ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದೆವು. ಭೂತಾಯಿಯ ಬಸಿರಿನ ಊಟವದು. ಸಜ್ಜೆ ರೊಟ್ಟಿ, ಭಜ್ಜಿ, ಕಡಬುಗಳನ್ನು ಪೈರಿನ ನಡುವೆ ಎರಚುತ್ತ ನಡೆಯಬೇಕು. ಪೈರು ಎಲ್ಲಿದೆಯೆಂದು ಹುಡುಕಿ ಹುಡುಕಿ ಎರಚಿದೆವು. ಸಾಲಿಗೆ ಅಲ್ಲೊಂದು ಇಲ್ಲೊಂದು ಮೊಳೆತದ್ದು ಗೇಣುದ್ದಕ್ಕೇ ಹಳದಿಯಾಗಿತ್ತು. ಅತ್ತಿ ಎಂದಿನಂತೆ ನಾಲ್ಕೂ ಮೂಲೆಗೆ ಚೆಲ್ಲಿದಳು. ಮಾಘ ಕಳೆಯುವಷ್ಟರಲ್ಲಿ ತೆನೆಗಳು ಬೆಳ್ಳಗಾಗಿ ಸೆಟೆದು ನಿಂತವು. ಹಿಚುಕಿದರೆ ಒಳಗೆ ಕಾಳಿಲ್ಲ. ಮಳೆನೀರು ನಿಲ್ಲುವ ಕೆಳಗಿನ ಮೂಲೆಯಲ್ಲಿ ಮಾತ್ರ ಒಂದಿಷ್ಟು ಗಿಡ ಕಾಳು ಕಟ್ಟಿದವು.

ಅಷ್ಟರೊಳಗೆ ನಾನು ಹುಡುಕಾಟಕ್ಕೆ ತೊಡಗಿದ್ದೆ. ಆಳಂದದ ಪೇಟೆಯಲ್ಲಿ ಜವೆಗೋಧಿ ಎಂದಾಗ ವ್ಯಾಪಾರಿ ಎಲ್ಲಿಂದಲೋ ಬಂದ ಹೊಳೆಯುವ ಚೀಲ ತೋರಿಸಿ, "ಇದನ್ನಽ ಜವಿ ಅಂತ ತಿಳ್ಕೊಂಡು ಉಣ್ರಿ ಸರ," ಎಂದ. ಅಂದೋಲಾಕ್ಕೆ ಹೋಗಿ ಅವ್ವನನ್ನು ಕೇಳಿದೆ. ಅವ್ವ ಅಟ್ಟದ ಖಾಲಿ ಗಡಿಗೆಗಳನ್ನೆಲ್ಲ ಇಳಿಸಿ ಬಗ್ಗಿ ನೋಡಿದಳು. ಆಮೇಲೆ ಕೈ ಝಾಡಿಸಿಕೊಂಡು, "ನಿಮ್ಮ ಅತ್ತಿ ಬಲ್ಲಿ ಇರತದಲೋ. ನಮಗೂ ಒಂದ್ ಸೇರು ಇಸ್ಕೊಂಡು ಬಾ, ತವರಮನಿಗಿ ಬೀಜ ತಿರುಗಿ ಬರಲಿ," ಎಂದಳು. ತುಂಬ ಸಂತೋಷದಿಂದ ಅಂದಳು. ನನಗೆ ನಿಜ ಹೇಳಲಾಗಲಿಲ್ಲ.

ಫಾಲ್ಗುಣದಲ್ಲಿ ಅತನೂರಿಗೆ ಹೋದಾಗ ಹಕ್ಕೆ ಬರಿದಾಗಿತ್ತು. ಎತ್ತು ಸಂತೆಗೆ ಹೋಗಿತ್ತು. ಅಂಗಳದಲ್ಲಿ ಭೀಮಶಾ ಮಾಮಾ ಕೊಡಲಿ ಹಿಡಿದು ತನ್ನ ಕುಂಟೆಯನ್ನು ಒಡೆಯುತ್ತಿದ್ದ. ಜಾಲಿ ದಿಂಡು ಗಟ್ಟಿ, ಕೊಡಲಿ ಪುಟಿಯುತ್ತಿತ್ತು. ಅತ್ತಿ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಗೋಧಿ ಹಸನು ಮಾಡುತ್ತಿದ್ದಳು. ಕೆಳಮೂಲೆಯ ಗೋಧಿ ಅದು. ಮೊರದ ತಳವೂ ಮುಚ್ಚಿರಲಿಲ್ಲ.

"ಹುಗ್ಗಿ ಮಾಡ್ತೇನಿ. ಉಂಡು ಹೋಗು," ಎಂದಳು.

"ಅತ್ತಿ, ಇದು ಬೀಜ."

"ಬೀಜ ಇದ್ದೀತು. ಬಿತ್ತವರು ಯಾರು? ಹೊಲ ಬ್ಯಾರೇದವರಿಗಿ ಪಾಲಿಗಿ ಕೊಟ್ಟೇನಿ. ತೊಗರಿ ಹಾಕತಾರ."

"ನನಗ ಕೊಡು."

"ನಿನಗ ಕೊಟ್ರ ಸೀಸಾದಾಗ ಹಾಕಿ ಭಾಷಣಕ್ಕ ಒಯ್ತಿ."

ಭೀಮಶಾ ಮಾಮಾ ಕೊಡಲಿ ನಿಲ್ಲಿಸಿ ನಕ್ಕ. ಆಗ ನಾನು ಕೊನೆಯ ವಾದವನ್ನು ಹೊರತೆಗೆದೆ. ಅವ್ವ ಕೇಳಿದ್ದಾಳೆ, ಅಂದೋಲಾದಲ್ಲಿ ಬಿತ್ತುತ್ತಾರೆ, ಬೀಜ ತವರಿಗೆ ತಿರುಗಿ ಹೋಗಲಿ ಎಂದೆ. ಅತ್ತಿಯ ಕೈ ಮೊರದ ಮೇಲೆ ನಿಂತಿತು. ಅವಳ ಮುಖದಲ್ಲಿ ಏನೋ ಸಡಿಲಾಯಿತು, ಗೆದ್ದೆನೆಂದೇ ಭಾವಿಸಿದೆ.

"ನಿಮ್ಮವ್ವ ಕೇಳಿದಳಾ?"

"ಹೌದು. ಒಂದು ಸೇರು ಅಂದ್ಲು."

"ನಿಮ್ಮ ಮನ್ಯಾಗ ಎತ್ತು ಅದಾವೇನು ಈಗ?"

"ಇಲ್ಲ."

"ಕುಂಟಿ?"

ನಾನು ಅಂಗಳದ ಕೊಡಲಿಯ ಕಡೆ ನೋಡಿದೆ. ಅತ್ತಿ ಕಾಯಲಿಲ್ಲ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, "ಅಲ್ಲೀನೂ ಧೂಳಿಗೇ ಹಾಕತೀರಿ. ಇಲ್ಲ, ಡಬ್ಬ್ಯಾಗಿಟ್ಟು ಹುಳಕ್ಕ ಹಾಕತೀರಿ. ಹುಳ ತಿನ್ನೂದಕಿಂತ ನೀ ತಿನ್ನು," ಎಂದು ಮೊರವನ್ನೆತ್ತಿಕೊಂಡು ಒಳಗೆ ನಡೆದಳು.

ದಿಂಡು ಕಡೆಗೂ ಸೀಳಿತು. ಅಲಗನ್ನು ಬಿಡಿಸಿ ಭೀಮಶಾ ಮಾಮಾ ನನ್ನ ಕಾಲ ಬಳಿ ಇಟ್ಟ. "ಇದು ಒಲಿಯಾಗ ಉರಿಯಂಗಿಲ್ಲ. ನೀವು ಒಯ್ರಿ ಸರ." ಸೀಳುಗಳನ್ನು ತಾನೇ ಒಲೆಗೆ ಹಿಡಿಸಿದ. ಜಾಲಿಯ ಕೆಂಡ ನಿಗಿನಿಗಿ ನಿಂತಿತು. ಕುಟ್ಟಿದ ಗೋಧಿ ಬೆಲ್ಲದೊಡನೆ ಕುದಿಯುವ ವಾಸನೆಗೆ ಓಣಿಯ ಇಬ್ಬರು ಹೆಣ್ಣುಮಕ್ಕಳು ಬಾಗಿಲಿಗೆ ಬಂದು, "ಯಾರದು ಉಡಿ ತುಂಬಾಕತ್ತೀರಿ ಆಯಿ?" ಎಂದು ಕೇಳಿ, ಒಲೆಯ ಕಡೆ ಇಣುಕಿ ಹೋದರು.

ಮೂವರೂ ಕುಳಿತು ಉಂಡೆವು. ಹುಗ್ಗಿ ರುಚಿಯಾಗಿತ್ತು, ಅದನ್ನು ಅಲ್ಲಗಳೆಯುವ ಯಾವ ವಾದವೂ ನನ್ನಲ್ಲಿರಲಿಲ್ಲ. ಸಾಕೆಂದು ಕೈಯಡ್ಡ ಹಿಡಿದೆ. ಅತ್ತಿ ಗಡಿಗೆಯನ್ನು ಓರೆ ಮಾಡಿ, ತಳಕ್ಕೆ ಹತ್ತಿದ್ದನ್ನು ಸೌಟಿನಿಂದ ತೆಳ್ಳಗೆ, ನಿಧಾನವಾಗಿ, ಒಂದು ಅಗುಳೂ ಉಳಿಯದಂತೆ ಕೆರೆದು ನನ್ನ ತಾಟಿಗೇ ಹಾಕಿದಳು.